ನೆಲಮಾಳಿಗೆಯ ಹಿಮ

ಭಾನುವಾರ ಮಧ್ಯಾಹ್ನ ಮೂರು ಮಹಡಿಯವರೂ ಕೆಳಗಿನ ಮನೆಯಲ್ಲೇ ಉಣ್ಣುವುದು ಆ ಮನೆಯ ರೂಢಿ. ಕೆಳಗೆ ಸೊಲಾಂಜ್ ಮತ್ತು ಅವಳ ಗಂಡ ಫ್ಲೋರಿಯಾನ್, ನಡುವೆ ಮಗಳು ಮರೀಸ್, ಮೇಲೆ ಮಗ ಬೆನ್ವಾ ಮತ್ತು ಅವನ ಮಗಳು ನೋಯೆಮಿ. ಹೊರಗಿನ ಕಬ್ಬಿಣದ ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿದರೆ ಸಾಕು, ಬರುತ್ತಿರುವುದು ಯಾರು, ಯಾವ ಮುಖ ಹೊತ್ತು ಬರುತ್ತಿದ್ದಾರೆ ಎಂದು ಸೊಲಾಂಜ್ ಒಲೆಯ ಮುಂದೆ ನಿಂತೇ ಹೇಳಬಲ್ಲಳು. ಅಕ್ಟೋಬರಿನ ಆ ಭಾನುವಾರ ಮರೀಸ್ ಮೆಟ್ಟಿಲುಗಳನ್ನು ಗುದ್ದುತ್ತಾ ಇಳಿದಳು. ಸೊಲಾಂಜ್ ಬಟಾಣಿ ಸೂಪಿನ ಉರಿ ತಗ್ಗಿಸಿದಳು. ಜಗಳ ಎದ್ದರೆ ಸೂಪು ತಳ ಹತ್ತಬಾರದಲ್ಲ.

ಜಗಳ ಎದ್ದಿತು.

"ಶುಕ್ರವಾರ ಮೀಟಿಂಗಲ್ಲಿ ಏನಂದ್ರು ಗೊತ್ತಾ?" ಮರೀಸ್ ಚಮಚ ಎತ್ತುವ ಮೊದಲೇ ಶುರು ಮಾಡಿದಳು. "ನಮ್ಮ ಕಂಪನಿ ವಿಡಿಯೋ ಗೇಮುಗಳನ್ನ ಆಡೋರಲ್ಲಿ ಅರ್ಧಕ್ಕರ್ಧ ಜನ ಸೆಕೆಂಡ್ ಹ್ಯಾಂಡ್ ತಗೊಂಡು ಆಡ್ತಾರಂತೆ. ಅದ್ರಲ್ಲಿ ನಮಗೆ ಒಂದು ಕಾಸೂ ಇಲ್ಲ. ನಾಲ್ಕು ವರ್ಷ ಕಣ್ಣು ಕೆಡಿಸ್ಕೊಂಡು ಮಾಡೋರು ನಾವು, ಒಂದೇ ಡಬ್ಬೀನ ಹತ್ತು ಸಲ ಮಾರೋರು ಬೇರೆಯವ್ರು."

"ಬೇರೆಯವ್ರು ಅಂದ್ರೆ ಎದುರಿಗೆ ಕೂತು ಬ್ರೆಡ್ಡಿಗೆ ಬೆಣ್ಣೆ ಸವರ್ತಿರೋರು ಅಂತ ತಾನೆ?" ಎಂದ ಬೆನ್ವಾ. ಹಳೇ ಗೇಮು ಕೊಂಡು ಮಾರುವುದು ಅವನ ಕಸುಬು.

"ನಾನು ಹೆಸರು ಹೇಳ್ಲಿಲ್ಲ."

"ಹೇಳು, ಪರವಾಗಿಲ್ಲ. ಈ ಮನೇನೂ ಅಪ್ಪ ಸೆಕೆಂಡ್ ಹ್ಯಾಂಡೇ ತಗೊಂಡಿದ್ದು. ಕಟ್ಟಿದ ಮೇಸ್ತ್ರಿಯ ಮೊಮ್ಮಕ್ಕಳು ಬಂದು ಬಾಗಿಲು ತಟ್ಟಿ ಪಾಲು ಕೇಳಿದ್ರಾ?"

"ಮನೆ ಸವೆಯತ್ತೆ ಕಣೋ. ಕಾರು ಸವೆಯತ್ತೆ. ಗೇಮು ಸವೆಯಲ್ಲ. ಹತ್ತನೆಯವನಿಗೂ ಅದೇ ಹೊಸ ಹಿಮ ಬೀಳತ್ತೆ. ಡಿಸ್ಕಿಗೆ ಗೀರು ಬಿದ್ರೆ ನೀನೇ ಯಂತ್ರಕ್ಕೆ ಹಾಕಿ ಉಜ್ಜಿ ಕೊಡ್ತೀಯ."

"ಹುಡುಗ್ರ ಹತ್ರ ಎಪ್ಪತ್ತು ಡಾಲರ್ ಎಲ್ಲಿಂದ ಬರತ್ತೆ? ಹಳೇದನ್ನ ನನಗೆ ಮಾರಿ, ಆ ದುಡ್ಡಲ್ಲಿ ನಿಮ್ಮ ಹೊಸದನ್ನ ತಗೋತಾರೆ. ನಿಮ್ಮ ಸಾಹೇಬ್ರು ಮೀಟಿಂಗಲ್ಲಿ ಅದನ್ನ ಓದಲ್ಲ."

ಫ್ಲೋರಿಯಾನ್ ತಟ್ಟೆ ಮುಂದೆ ಚಾಚಿದ. "ಈ ಸೂಪೂ ಸೆಕೆಂಡ್ ಹ್ಯಾಂಡೇ. ನಿನ್ನೇದು. ಯಾರಾದ್ರೂ ಪಾಲು ಕೇಳೋಕೆ ಮುಂಚೆ ಇನ್ನೊಂದು ಸೌಟು ಹಾಕು, ಮುದುಕಿ."

ನೋಯೆಮಿ ಕಿಸಕ್ಕನೆ ನಕ್ಕಳು. ಮರೀಸ್ ನಗಲಿಲ್ಲ.

"ನಗಿ. ಕ್ರಿಸ್‌ಮಸ್ ಒಳಗೆ ಹೊಸ ಡಬ್ಬಿ ಸಾಕಷ್ಟು ಹೋಗ್ಲಿಲ್ಲ ಅಂದ್ರೆ ಮೊದಲು ಮನೆಗೆ ಕಳಿಸೋದು ನಮ್ಮ ಗುಂಪನ್ನ. ಹಿಮ ಮಾಡೋರು ಇನ್ನು ಯಾಕೆ ಬೇಕು? ಹಿಮ ಮಾಡಿ ಆಯ್ತಲ್ಲ."

ಸೊಲಾಂಜ್ ಎದ್ದು ಖಾಲಿ ತಟ್ಟೆಗಳನ್ನು ತೆಗೆದಳು.

ಮರೀಸಳ ಕಂಪನಿ ಆ ವಾರವಷ್ಟೇ 'ನೀಲಿ ಹಿಮದ ಊರು' ಎಂಬ ಗೇಮನ್ನು ಅಂಗಡಿಗಳಿಗೆ ಬಿಟ್ಟಿತ್ತು. ಅದರಲ್ಲಿ ಬೀಳುವ ಹಿಮವೆಲ್ಲ ಮರೀಸಳದು. ಕಾಲಿಟ್ಟರೆ ಎಷ್ಟು ಕುಸಿಯಬೇಕು, ಹೆಜ್ಜೆಗುರುತು ಎಷ್ಟು ಹೊತ್ತಿಗೆ ಮುಚ್ಚಿಹೋಗಬೇಕು, ಇಳಿಹೊತ್ತಿನಲ್ಲಿ ಅದಕ್ಕೆ ಯಾವ ನೀಲಿ ಬರಬೇಕು, ಎಲ್ಲ ಅವಳ ಕೈಯಲ್ಲಿ ಆದದ್ದು. ಮೂರು ಚಳಿಗಾಲ ಅವಳು ನದಿಯ ದಂಡೆಯಲ್ಲಿ ಅಪ್ಪನನ್ನು ಹಿಂದೆ ಮುಂದೆ ನಡೆಸಿ ಅವನ ಹೆಜ್ಜೆಗಳ ಚಿತ್ರ ಹಿಡಿದಿದ್ದಳು. "ನನ್ನ ಕಾಲು ಲಕ್ಷಾಂತರ ಜನರ ಮನೇಲಿ ಓಡಾಡ್ತಿದೆ" ಎಂದು ಫ್ಲೋರಿಯಾನ್ ಮೀನಿನಂಗಡಿಯವನಿಗೂ ಹೇಳಿಕೊಂಡು ಬಂದಿದ್ದ.

ಹಳೇ ಗೇಮುಗಳ ಅಂಗಡಿ ವರ್ಡನ್ ಬಡಾವಣೆಯ ದೊಡ್ಡ ಬೀದಿಯಲ್ಲಿ, ಮನೆಯಿಂದ ಸ್ವಲ್ಪ ದೂರ. ಹೆಸರಿಗೆ ಬೆನ್ವಾನದು, ಗಲ್ಲಾಪೆಟ್ಟಿಗೆ ಸೊಲಾಂಜಳದು. ಹುಡುಗರು ಆಡಿ ಮುಗಿಸಿದ್ದನ್ನು ತಂದು ಕೊಡುತ್ತಾರೆ. ಅವಳು ಕೊಳ್ಳುತ್ತಾಳೆ, ಬೆಲೆಯ ಚೀಟಿ ಅಂಟಿಸಿ ಕಪಾಟಿಗೆ ಇಡುತ್ತಾಳೆ. ಬೆನ್ವಾ ಹಿಂದಿನ ಕೋಣೆಯಲ್ಲಿ ಉಜ್ಜುವ ಯಂತ್ರದ ಗುಂಯ್ ಸದ್ದಿನ ನಡುವೆ ರಿಪೇರಿಗೆ ಬಂದ, ಗೇಮು ಆಡುವ ಪೆಟ್ಟಿಗೆಗಳನ್ನು ಬಿಚ್ಚಿಕೊಂಡು ಕೂತಿರುತ್ತಾನೆ. ಬೆಳಿಗ್ಗೆ ಬಾಗಿಲು ತೆರೆದು, ಗುಡಿಸಿ, ಗಲ್ಲಾಪೆಟ್ಟಿಗೆಗೆ ಚಿಲ್ಲರೆ ತುಂಬುವುದು ಫ್ಲೋರಿಯಾನನ ಕೆಲಸ.

ಆ ಕೆಲಸ ಸಣ್ಣದಲ್ಲ. ಸಿಟಿ ಬಸ್ಸು ಓಡಿಸಿ ನಿವೃತ್ತನಾದ ಮೇಲೆ ಫ್ಲೋರಿಯಾನ್ ಮೂಲೆಯ ಬಾರಿನಲ್ಲಿ ದುಡ್ಡು ಹಾಕಿ ಆಡುವ ಲಾಟರಿ ಯಂತ್ರದ ಮುಂದೆ ಕೂತುಬಿಟ್ಟಿದ್ದ. ಕೂತವನು ಏಳುವ ಹೊತ್ತಿಗೆ ಕೆರೆಯ ದಂಡೆಯಲ್ಲಿದ್ದ ಮರದ ಮನೆ ಹೋಗಿತ್ತು, ಕಾರು ಹೋಗಿತ್ತು, ಮಕ್ಕಳು ಅಪ್ಪನ ಮುಂದೆ ಪರ್ಸು ತೆಗೆಯುವುದನ್ನು ಬಿಟ್ಟಿದ್ದರು. ಆಮೇಲೆ ಅವನು ಆ ಕಡೆ ತಲೆ ಹಾಕಿರಲಿಲ್ಲ. ವರ್ಷಗಳು ಕಳೆದವು. ಕಳೆದ ವಸಂತದಲ್ಲಿ ಬೆನ್ವಾ ಏನೂ ದೊಡ್ಡ ಮಾತಾಡದೆ ಅಂಗಡಿಯ ಬೀಗದ ಕೈಯನ್ನು ಅಪ್ಪನ ಮುಂದಿಟ್ಟು, "ನನಗೆ ಬೆಳಿಗ್ಗೆ ಬೇಗ ಏಳೋಕಾಗಲ್ಲ, ನೀನು ತೆಗೀತೀಯಾ?" ಅಂದಿದ್ದ. ಫ್ಲೋರಿಯಾನ್ ಅದನ್ನು ಕೋಟಿನ ಒಳಜೇಬಿನಲ್ಲಿಟ್ಟು ಮೇಲಿಂದ ಎರಡು ಸಲ ತಟ್ಟಿ ನೋಡಿಕೊಂಡಿದ್ದ.

ಮರೀಸ್ ಮೆಟ್ಟಿಲು ಗುದ್ದಿದ ಮರುದಿನ, ಶಾಲೆ ಬಿಡುವ ಹೊತ್ತಿಗೆ, ಉದ್ದ ಕೂದಲ ಹುಡುಗನೊಬ್ಬ ಅಂಗಡಿಗೆ ಬಂದು 'ನೀಲಿ ಹಿಮದ ಊರು' ಡಬ್ಬಿಯನ್ನು ಮೇಜಿನ ಮೇಲಿಟ್ಟ.

"ಮುಗೀತಾ ಆಗಲೇ?" ಎಂದಳು ಸೊಲಾಂಜ್.

"ಶನಿವಾರ, ಭಾನುವಾರ ಮಲಗಿಲ್ಲ, ಮದಾಮ್ ಸೊಲಾಂಜ್. ಸಕತ್ತಾಗಿದೆ. ಎಷ್ಟು ಕೊಡ್ತೀರಾ?"

ಅವಳು ಮೂವತ್ತು ಕೊಟ್ಟಳು. ಚೀಟಿಯ ಸುರುಳಿಗೆ ಕೈ ಹಾಕಿದಳು. ಡಬ್ಬಿಯ ಮೇಲೆ ಬಿಳಿ ಬಯಲು, ಅದರ ಮೇಲೆ ಒಂದು ಸಾಲು ಹೆಜ್ಜೆ. ಫ್ಲೋರಿಯಾನನದೇ ಇರಬೇಕು, ಬಲಗಾಲು ತುಸು ಹೊರಕ್ಕೆ. ಇದನ್ನು ಕಪಾಟಿಗೆ ಇಟ್ಟರೆ ಸಂಜೆಯೊಳಗೆ ಇನ್ನೊಬ್ಬ ಒಯ್ಯುತ್ತಾನೆ. ಅವನು ಹೊಸದನ್ನು ಕೊಳ್ಳುವುದಿಲ್ಲ. ಅವಳು ಹಿಂದಿನ ಕೋಣೆಯ ಕಡೆ ನೋಡಿದಳು. ಯಂತ್ರ ಗುಂಯ್ ಅನ್ನುತ್ತಿತ್ತು. ಡಬ್ಬಿಯನ್ನು ತನ್ನ ಸಂತೆಯ ಚೀಲದಲ್ಲಿ ಆಲೂಗಡ್ಡೆಯ ಕೆಳಗೆ ತೂರಿಸಿದಳು.

ಮನೆಗೆ ಬಂದು ನೆಲಮಾಳಿಗೆಗೆ ಇಳಿದು, ಉಪ್ಪಿನಲ್ಲಿಟ್ಟ ಸೌತೆಯ ಜಾಡಿಗಳ ಹಿಂದೆ ಅದನ್ನು ನಿಲ್ಲಿಸಿದಳು. ಒಂದೇ ಒಂದಲ್ಲವೇ ಎಂದುಕೊಂಡಳು.

ಆ ವಾರವೇ ಇನ್ನೂ ಬಂದವು. ಅವಳು ಎಲ್ಲವನ್ನೂ ಕೊಂಡಳು, ಯಾವುದಕ್ಕೂ ಚೀಟಿ ಅಂಟಿಸಲಿಲ್ಲ. ಆದರೆ ಶಾಪಿಂಗ್ ಮಾಲಿನಲ್ಲಿರುವ ದೊಡ್ಡ ಅಂಗಡಿಯವರೂ ಮೂವತ್ತು ಕೊಡುತ್ತಾರೆಂದು ಒಬ್ಬ ಹುಡುಗಿ ಹೇಳಿದಾಗ ಸೊಲಾಂಜಳಿಗೆ ಹೊಸ ಚಿಂತೆ ಹತ್ತಿತು. ಅಲ್ಲಿಗೆ ಹೋದರೆ ಅವರು ಮತ್ತೆ ಮಾರುತ್ತಾರೆ.

"ನಲವತ್ತು ಕೊಡ್ತೀನಿ" ಎಂದಳು. "ನಿನ್ನ ಗೆಳತೀರಿಗೂ ಹೇಳು. ಈ ಗೇಮು ಒಂದಕ್ಕೆ ಮಾತ್ರ. ಅಲ್ಲಿಗೆ ಹೋಗಬೇಡಿ."

"ನಲವತ್ತಾ? ನಿಜವಾಗ್ಲೂ?"

"ಮೆತ್ತಗೆ ಮಾತಾಡು."

ಹುಡುಗಿ ಮೆತ್ತಗೆ ಮಾತಾಡಲಿಲ್ಲ. ನವೆಂಬರಿನ ಹೊತ್ತಿಗೆ ಪಕ್ಕದ ಬಡಾವಣೆಗಳಿಂದಲೂ ಹುಡುಗರು ಬಸ್ಸು ಹಿಡಿದು ಬರತೊಡಗಿದರು. ಸೊಲಾಂಜಳ ಚೀಲ ದಿನವೂ ಭಾರವಾಯಿತು. "ಇಷ್ಟು ಆಲೂಗಡ್ಡೆ ಯಾರಿಗೆ?" ಎಂದು ಫ್ಲೋರಿಯಾನ್ ಕೇಳಿದಾಗ, "ಚಳಿಗಾಲ ಬರ್ತಿದೆಯಲ್ಲ" ಎಂದಳು.

ಬೆನ್ವಾ ಅಮ್ಮನನ್ನು ಏನೂ ಕೇಳಲಿಲ್ಲ. ದುಡ್ಡು ಕಡಿಮೆಯಾಗುತ್ತಿದೆ ಎಂದು ತಿಳಿದಾಗ ಮಗನ ಮನಸ್ಸು ಅವಳ ಕಡೆ ತಿರುಗಲೇ ಇಲ್ಲ.

ಅವತ್ತು ಮಂಗಳವಾರ. ಫ್ಲೋರಿಯಾನ್ ಕಾಫಿ ಕುಡಿಯುತ್ತಿದ್ದ. ಬೆನ್ವಾ ಮೇಲಿನಿಂದ ಇಳಿದು ಬಂದು ಕೋಟು ಬಿಚ್ಚದೆ ಕುರ್ಚಿಯ ತುದಿಯಲ್ಲಿ ಕೂತ. ಸೊಲಾಂಜ್ ಹಿಟ್ಟು ಕಲಸುತ್ತಿದ್ದಳು.

"ಅಪ್ಪ, ಬೆಳಿಗ್ಗೆ ಗಲ್ಲಾಪೆಟ್ಟಿಗೆಗೆ ಚಿಲ್ಲರೆ ಹಾಕ್ವಾಗ ಎಲ್ಲ ಸರಿಯಾಗಿರತ್ತಾ?"

"ಇರತ್ತೆ. ಯಾಕೆ?"

"ಏನಿಲ್ಲ. ಸ್ವಲ್ಪ ದಿನದಿಂದ ಲೆಕ್ಕ ಹೊಂದ್ತಿಲ್ಲ. ದುಡ್ಡು ಹೋಗಿರತ್ತೆ, ಅದಕ್ಕೆ ತಕ್ಕ ಮಾಲು ಕಪಾಟಲ್ಲಿ ಇರಲ್ಲ."

"ನಾನು ಮುಟ್ಟಿಲ್ಲ."

"ಮುಟ್ಟಿದೀಯ ಅಂತ ನಾನೆಲ್ಲಿ ಹೇಳ್ದೆ?"

"ಹೇಳ್ಲಿಲ್ಲ."

ಸೊಲಾಂಜಳ ಕೈ ಹಿಟ್ಟಿನಲ್ಲಿ ನಿಂತಿತು. ಈಗ ಹೇಳಬೇಕು. ನಾನು ಕಣೋ, ಕೆಳಗೆ ಜಾಡಿಗಳ ಹಿಂದೆ ಇದೆ ನೋಡು ಎಂದರೆ ಮುಗಿಯಿತು. ಆದರೆ ಬೆನ್ವಾ ಅವನ್ನೆಲ್ಲ ಮೇಲೆ ತಂದು ಕಪಾಟಿನ ಮುಂದಿನ ಸಾಲಿಗೆ ಇಡುತ್ತಾನೆ. ಮರೀಸ್ ನೋಡುತ್ತಾಳೆ. ಕ್ರಿಸ್‌ಮಸ್ ಆಗಲಿ, ಆಮೇಲೆ ಹೇಳಿದರಾಯಿತು. ಅವಳು ಮತ್ತೆ ಕಲಸತೊಡಗಿದಳು.

"ನಾಳೆಯಿಂದ ಬೆಳಿಗ್ಗೆ ನಾನೇ ತೆಗೀತೀನಿ ಅಪ್ಪ. ಇನ್ಮೇಲೆ ಹೊರಗೆ ಜಾರತ್ತೆ, ನಿನ್ನ ಮಂಡಿ ಬೇರೆ ಸರಿಯಿಲ್ಲ" ಎಂದ ಬೆನ್ವಾ. ಅವನ ದನಿ ಮೆತ್ತಗಿತ್ತು, ಅದೇ ಕೇಳಲು ಕಷ್ಟವಾಗಿತ್ತು.

ಫ್ಲೋರಿಯಾನ್ ಮಂಡಿಯನ್ನು ಒಮ್ಮೆ ನೋಡಿಕೊಂಡ. ಒಳಜೇಬಿನಿಂದ ಬೀಗದ ಕೈ ತೆಗೆದು ಸಕ್ಕರೆ ಡಬ್ಬಿಯ ಪಕ್ಕ ಇಟ್ಟ. "ನನ್ನ ಮಂಡಿ ಚೆನ್ನಾಗೇ ಇದೆ" ಎಂದಷ್ಟೇ ಹೇಳಿ ಕಾಫಿ ಮುಗಿಸಿದ. ಬೆನ್ವಾ ಅದನ್ನು ಮುಟ್ಟಲಿಲ್ಲ, ಅವನ ಹತ್ತಿರ ಇನ್ನೊಂದಿತ್ತು. ಬೀಗದ ಕೈ ಅಲ್ಲೇ ಉಳಿಯಿತು. ಸೊಲಾಂಜ್ ದಿನವೂ ಸಕ್ಕರೆ ತೆಗೆಯುವಾಗ ಅದನ್ನು ನೋಡಿದಳು. ಮೇಜು ಒರೆಸುವಾಗ ಅದರ ಸುತ್ತ ಒರೆಸಿದಳು.

ಅಲ್ಲಿಂದ ಮುಂದೆ ಫ್ಲೋರಿಯಾನನಿಗೆ ಬೆಳಗು ಉದ್ದವಾಯಿತು. ಮೊದಲಿನಂತೆಯೇ ಎದ್ದು ಗಡ್ಡ ಹೆರೆದುಕೊಂಡು, ಶರಟು ಹಾಕಿಕೊಂಡು, ಕಿಟಕಿಯ ಹತ್ತಿರ ಕೂರುತ್ತಿದ್ದ. ಊಟದ ಹೊತ್ತಿನ ಅವನ ಹಾಸ್ಯ ನಿಂತಿತು. ಸೊಲಾಂಜ್ ಅವನಿಗೆ ಇಷ್ಟವಾದ ಅಡಿಗೆಗಳನ್ನೇ ಮಾಡಿದಳು. ಕೊಚ್ಚಿದ ಮಾಂಸದ ಮೇಲೆ ಜೋಳ, ಅದರ ಮೇಲೆ ಹಿಸುಕಿದ ಆಲೂಗಡ್ಡೆ ಹರಡಿ ಕೆಂಪಗೆ ಬೇಯಿಸಿದಳು. ಮೇಪಲ್ ಮರದ ಸಿಹಿ ಪಾಕದಲ್ಲಿ ಕುದಿಸಿದ ಕಡುಬು ಮಾಡಿದಳು.

"ಏನು, ನಾನೇನು ಸಾಯ್ತಿದೀನಾ?" ಎಂದು ಒಂದು ದಿನ ಅವನು ಕೇಳಿದ.

"ಯಾಕೆ ಹಾಗಂತೀಯ?"

"ವಾರದಲ್ಲಿ ಎರಡು ಸಲ ಸಿಹಿ ಮಾಡ್ತಿದೀಯ. ನಮ್ಮಪ್ಪ ಸಾಯೋ ಮುಂಚೆ ಅಮ್ಮ ಹೀಗೇ ಮಾಡ್ತಿದ್ಲು."

ಅವಳು ನಕ್ಕಳು. ಅವನೂ ಅರ್ಧ ನಕ್ಕ. ಆಮೇಲೆ ಕೋಟು ಹಾಕಿಕೊಂಡು ಹೊರಟ. ಎಲ್ಲಿಗೆ ಎಂದು ಅವಳು ಕೇಳಲಿಲ್ಲ. ಬೇರೆ ಯಾವ ಕಾಲದಲ್ಲಾದರೂ ಕೇಳುತ್ತಿದ್ದಳು. ಈಗ ಕೇಳುವ ಮುಖ ಅವಳಿಗಿರಲಿಲ್ಲ.

ಇತ್ತ ಮರೀಸಳ ಹೆಜ್ಜೆ ಮೆಟ್ಟಿಲ ಮೇಲೆ ಹಗುರವಾಗುತ್ತಾ ಬಂತು. ಮೊದಲ ಹಿಮ ಬಿದ್ದ ದಿನ ಅವಳು ಬೂಟು ಬಿಚ್ಚುತ್ತಲೇ ಕೇಳಿದಳು.

"ಅಮ್ಮ, ನಿಜ ಹೇಳು. ನಮ್ಮದು ನಿಮ್ಮ ಅಂಗಡೀಗೆ ಎಷ್ಟು ವಾಪಸ್ ಬಂದಿದೆ?"

ಸೊಲಾಂಜ್ ಕ್ಯಾರೆಟ್ ಹೆಚ್ಚುತ್ತಿದ್ದಳು. "ನಾನು ನೋಡಿದ ಹಾಗೆ ಒಂದೂ ಇಲ್ಲ."

"ಒಂದೂ ಇಲ್ವಾ?"

"ಕಪಾಟು ನೋಡ್ಬಾ ಬೇಕಾದ್ರೆ."

"ನೋಡ್ದೆ ಅಮ್ಮ. ದಾರೀಲಿ ಇಳಿದು ನೋಡ್ಕೊಂಡೇ ಬಂದೆ. ಬೆನ್ವಾನ್ನೂ ಕೇಳ್ದೆ. ಅವನಿಗೇ ಆಶ್ಚರ್ಯ." ಮರೀಸ್ ಒದ್ದೆ ಕಾಲುಚೀಲದಲ್ಲೇ ಬಂದು ಅಮ್ಮನನ್ನು ಹಿಂದಿನಿಂದ ಅಪ್ಪಿಕೊಂಡಳು. "ಆಡಿದವ್ರು ಇಟ್ಕೊಳ್ತಿದಾರೆ. ಮಾರ್ತಿಲ್ಲ. ಆಫೀಸಲ್ಲಿ ಹೇಳ್ತೀನಿ ನೋಡು ನಾಳೆ."

"ಯಾಕೆ ಹೇಳ್ತೀಯ ಅದನ್ನೆಲ್ಲ" ಎಂದಳು ಸೊಲಾಂಜ್. ಕ್ಯಾರೆಟ್ ಚೂರುಗಳು ಒಂದು ದಪ್ಪ ಒಂದು ತೆಳು ಬೀಳುತ್ತಿದ್ದವು.

ಡಿಸೆಂಬರಿನಲ್ಲಿ ಕ್ರಿಸ್‌ಮಸ್ಸಿನ ಮಾಂಸದ ಕಡುಬುಗಳನ್ನು ಮಾಡುವ ದಿನ ನೋಯೆಮಿ ಅಜ್ಜಿಗೆ ನೆರವಾಗಲು ಬಂದಳು. ಹದಿನಾಲ್ಕರ ಹುಡುಗಿ. ಕೈ ಹಿಟ್ಟಿನಲ್ಲಿ, ಬಾಯಿ ಶಾಲೆಯ ಸುದ್ದಿಯಲ್ಲಿ.

"ಅಜ್ಜಿ, ನಮ್ಮ ಕ್ಲಾಸಲ್ಲಿ ನೀನು ಫೇಮಸ್ಸು."

"ಯಾಕೆ?"

"ನಲವತ್ತು ಕೊಡೋ ಅಜ್ಜಿ ಅಂತ. ಅತ್ತೆ ಗೇಮನ್ನ ಎಲ್ರೂ ಹೊಸದೇ ತಗೊಂಡಿದಾರೆ. ಎಪ್ಪತ್ತು ಕೊಟ್ಟು ತಗೋ, ವಾರ ಆಡು, ನಲವತ್ತಕ್ಕೆ ಅಜ್ಜಿಗೆ ಕೊಡು. ಮೂವತ್ತಕ್ಕೆ ಹೊಸ ಗೇಮು. ನಮ್ಮ ಬಸ್ಸಲ್ಲಿ ಬರೋರೆಲ್ಲ ಹಾಗೇ ಮಾಡಿದ್ದು."

ಸೊಲಾಂಜ್ ಲಟ್ಟಣಿಗೆ ಕೆಳಗಿಟ್ಟಳು. "ಅಂದ್ರೆ ನಾನು ವಾಪಸ್ ತಗೋತೀನಿ ಅಂತಲೇ ಕೊಂಡ್ರಾ?"

"ಮತ್ತೆ? ಇಲ್ಲಾಂದ್ರೆ ಯಾರ ಹತ್ರ ಎಪ್ಪತ್ತಿರತ್ತೆ? ಹಳೇದು ಬರಲಿ ಅಂತ ಕಾಯ್ತಿದ್ರು." ನೋಯೆಮಿ ಕಡುಬಿನ ಅಂಚನ್ನು ಫೋರ್ಕಿನಿಂದ ಒತ್ತುತ್ತಿದ್ದಳು. "ಅಜ್ಜಿ, ಅವನ್ನೆಲ್ಲ ಎಲ್ಲಿಟ್ಟಿದೀಯ? ಅಂಗಡೀಲಿ ಒಂದೂ ಕಾಣಲ್ಲ."

"ಸುಮ್ನೆ ಅಂಚು ಒತ್ತು."

ಹಾಗಾದರೆ ಮಾರಿಸಿದ್ದೂ ನಾನೇ, ಮುಚ್ಚಿಟ್ಟಿದ್ದೂ ನಾನೇ. ಬೆನ್ವಾ ಹೇಳಿದ್ದೂ ಸರಿ, ಮರೀಸ್ ಹೇಳಿದ್ದೂ ಸರಿ, ನಡುವೆ ನಾನು ಯಾರಿಗೆ ಉಪಕಾರ ಮಾಡಿದೆ ಎಂದು ಸೊಲಾಂಜಳಿಗೆ ತಿಳಿಯಲಿಲ್ಲ. ತಿಳಿದದ್ದು ಒಂದೇ. ಕಿಟಕಿಯ ಹತ್ತಿರದ ಕುರ್ಚಿ ಖಾಲಿಯಾಗಿತ್ತು, ಫ್ಲೋರಿಯಾನ್ ಹೊರಗೆ ಹೋಗಿ ಬಹಳ ಹೊತ್ತಾಗಿತ್ತು.

ಮುಂದಿನ ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದರು. ಮೊದಲ ಕಡುಬನ್ನು ರುಚಿ ನೋಡಲೆಂದು ಕತ್ತರಿಸಿದ್ದಾಗಿತ್ತು. ಮರೀಸ್ ಆಫೀಸಿನ ಸುದ್ದಿ ಹೇಳುತ್ತಿದ್ದಳು. ಮಾರಾಟ ಕೆಟ್ಟದಾಗಿಲ್ಲವಂತೆ, ಒಳ್ಳೆಯದೂ ಅಲ್ಲವಂತೆ, ಹೊಸ ವರ್ಷಕ್ಕೆ ಗೊತ್ತಾಗುತ್ತದಂತೆ. ಬೆನ್ವಾ ಅವಳ ಮಾತು ಕೇಳುತ್ತಿರಲಿಲ್ಲ. ಅಪ್ಪನ ಕಡೆಯೇ ನೋಡುತ್ತಿದ್ದ.

"ಅಪ್ಪ," ಎಂದ ಕೊನೆಗೆ, "ಎಲ್ಲರ ಮುಂದೆ ಹೇಳ್ಬಾರ್ದು ಅಂತಿದ್ದೆ. ಆದ್ರೆ ಮುಚ್ಚಿಟ್ಟು ಮುಚ್ಚಿಟ್ಟೇ ಹೋದ್ಸಲ ಹಾಳಾಗಿದ್ದು. ನಾನು ಬಾಗಿಲು ತೆಗೆಯೋಕೆ ಶುರು ಮಾಡಿದ ಮೇಲೂ ದುಡ್ಡು ಹೋಗ್ತಾನೇ ಇದೆ. ಮಧ್ಯಾಹ್ನ ಅಮ್ಮನಿಗೆ ಕಾಫಿ ತಂದು ಕೊಡ್ತೀಯಲ್ಲ, ಆಗ ಗಲ್ಲಾಪೆಟ್ಟಿಗೆ ಪಕ್ಕ ನಿಲ್ಲೋನು ನೀನೊಬ್ನೇ."

"ಬೆನ್ವಾ" ಎಂದಳು ಮರೀಸ್.

"ತಡಿ. ನಾನು ಬೈತಿಲ್ಲ ಅಪ್ಪ. ಅದು ಕಾಯಿಲೆ, ನನಗೆ ಗೊತ್ತು. ಚರ್ಚಿನ ಹಿಂದುಗಡೆ ಹಾಲಲ್ಲಿ ಗುರುವಾರ ಸಂಜೆ ಜೂಜು ಬಿಡೋರ ಗುಂಪು ಸೇರತ್ತೆ. ನೀನು ಮೊದಲು ಹೋಗ್ತಿದ್ಯಲ್ಲ, ಅದೇ. ನಾನೂ ಬರ್ತೀನಿ ನಿನ್ನ ಜೊತೆ. ಹೊರಗೆ ಕಾರಲ್ಲಿ ಕೂತಿರ್ತೀನಿ."

ನೋಯೆಮಿ ತಟ್ಟೆ ನೋಡುತ್ತಾ ಕೂತಳು. ಫ್ಲೋರಿಯಾನ್ ಕಡುಬಿನ ತುಂಡನ್ನು ಫೋರ್ಕಿನಿಂದ ಎರಡು ಮಾಡಿದ, ಎರಡನ್ನು ನಾಲ್ಕು ಮಾಡಿದ. ಇಲ್ಲ ಅನ್ನಲಿಲ್ಲ. ನಾನಲ್ಲ ಅನ್ನಲಿಲ್ಲ. ಅವನು ಯಾಕೆ ಅನ್ನುತ್ತಿಲ್ಲ ಎಂದು ಸೊಲಾಂಜ್ ಅವನನ್ನೇ ನೋಡಿದಳು.

ಅವಳು ಎದ್ದಳು.

"ಅಮ್ಮ, ಕೂತ್ಕೋ. ನಿನಗೆ ಬೇಜಾರಾಗತ್ತೆ ಅಂತ ಗೊತ್ತು" ಎಂದ ಬೆನ್ವಾ.

ಅವಳು ನೆಲಮಾಳಿಗೆಯ ಬಾಗಿಲು ತೆಗೆದು ಇಳಿದಳು. ಜಾಡಿಗಳನ್ನು ಸರಿಸುವ ಸದ್ದು ಮೇಲೆ ಕೇಳಿತು. ಖಾಲಿ ಆಲೂಗಡ್ಡೆ ಮೂಟೆಯೊಂದನ್ನು ತುಂಬಿಕೊಂಡು, ಎರಡೂ ಕೈಯಲ್ಲಿ ಎಳೆಯುತ್ತಾ, ಮೆಟ್ಟಿಲಿಗೊಮ್ಮೆ ನಿಲ್ಲುತ್ತಾ ಬಂದಳು. ನೋಯೆಮಿ ಎದ್ದು ಹೋಗಿ ಇನ್ನೊಂದು ತುದಿ ಹಿಡಿದಳು. ಸೊಲಾಂಜ್ ಮೂಟೆಯ ಬಾಯನ್ನು ಮೇಜಿನ ಮೇಲೆ ಬಗ್ಗಿಸಿದಳು. ಡಬ್ಬಿಗಳು ಕಡುಬಿನ ತಟ್ಟೆಯ ಸುತ್ತ, ಬೆಣ್ಣೆಯ ಮೇಲೆ, ಲೋಟಗಳ ನಡುವೆ ಸುರಿದವು. ಎಲ್ಲದರ ಮೇಲೂ ಬಿಳಿ ಬಯಲು, ಅದೇ ಒಂದು ಸಾಲು ಹೆಜ್ಜೆ.

"ಕೆಳಗೆ ಇನ್ನೂ ಇದೆ" ಎಂದಳು. "ನಿಮ್ಮಪ್ಪ ಅಲ್ಲ. ನಾನು."

ಬೆನ್ವಾ ಒಂದು ಡಬ್ಬಿ ಎತ್ತಿಕೊಂಡು ತಿರುಗಿಸಿ ನೋಡಿದ. ಚೀಟಿ ಇಲ್ಲ. "ಇದಕ್ಕೆಲ್ಲ ಗಲ್ಲಾಪೆಟ್ಟಿಗೆಯಿಂದ ಕೊಟ್ಯಾ?"

"ಕೊಟ್ಟೆ."

"ಕೊಂಡು ಇಲ್ಲಿ ಯಾಕೆ ಮುಚ್ಚಿಟ್ಟೆ?"

"ಮತ್ತೆ ಮಾರಬಾರ್ದು ಅಂತ. ಮರೀಸ್ ಕೆಲಸ ಹೋಗತ್ತೆ ಅಂದ್ಲಲ್ಲ."

"ಅಪ್ಪ ಬೀಗದ ಕೈ ಇಲ್ಲಿಟ್ಟಾಗ ನೀನು ಇಲ್ಲೇ ನಿಂತಿದ್ದೆ, ಅಮ್ಮ. ಹಿಟ್ಟು ಕಲಸ್ತಾ."

"ನಿಂತಿದ್ದೆ."

ಅವಳು ಖಾಲಿ ಮೂಟೆಯನ್ನು ಮಡಿಸಿದಳು.

ಮರೀಸ್ ಡಬ್ಬಿಗಳನ್ನು ಒಂದೊಂದಾಗಿ ನೆಟ್ಟಗೆ ನಿಲ್ಲಿಸುತ್ತಿದ್ದಳು. ಬೆಣ್ಣೆ ಹತ್ತಿದ್ದನ್ನು ಕರವಸ್ತ್ರದಿಂದ ಒರೆಸಿದಳು. "ಒಂದೂ ಬಂದಿಲ್ಲ ಅಂದೆ" ಎಂದಳು. "ನಾನು ಎಲ್ರಿಗೂ ಹೇಳ್ಕೊಂಡು ಬಂದೆ. ನಮ್ಮಮ್ಮನ ಅಂಗಡೀಗೆ ಒಂದೂ ವಾಪಸ್ ಬಂದಿಲ್ಲ ಅಂತ, ದೊಡ್ಡ ಸಾಹೇಬ್ರ ಮುಂದೆ."

"ತಪ್ಪಾಯ್ತು ಮಗಳೇ."

"ಅರ್ಧಕ್ಕೇ ಬಿಟ್ಟು ಕೊಟ್ರಾ, ಮುಗಿಸಿ ಕೊಟ್ರಾ?"

ಸೊಲಾಂಜಳಿಗೆ ಗೊತ್ತಿರಲಿಲ್ಲ. ನೋಯೆಮಿ ಹೇಳಿದಳು, "ಮುಗ್ಸಿ ಅತ್ತೆ. ಮುಗಿದ ಮೇಲೂ ಸುಮ್ನೆ ನಡೀತಿರ್ತಾರೆ, ಹಿಮ ನೋಡೋಕೆ. ನಾನೂ ನಡೆದಿದೀನಿ."

ಮರೀಸ್ ಮೂಗು ಒರೆಸಿಕೊಂಡಳು. ಅಮ್ಮನ ಕಡೆ ನೋಡಲಿಲ್ಲ.

ಬೆನ್ವಾ ಎದ್ದು ಅಪ್ಪನ ಕುರ್ಚಿಯ ಹಿಂದೆ ಹೋಗಿ ನಿಂತ. ಕೈ ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. "ಅಪ್ಪ, ನನ್ನ ಕ್ಷಮಿಸು. ನೀನು ಒಂದು ಸಲ ಗಟ್ಟಿಯಾಗಿ ಬೈದಿದ್ರೆ ನನಗೆ ಗೊತ್ತಾಗ್ತಿತ್ತು."

ಸೊಲಾಂಜ್ ಸಕ್ಕರೆ ಡಬ್ಬಿಯ ಪಕ್ಕದಿಂದ ಬೀಗದ ಕೈ ತೆಗೆದು ಗಂಡನ ತಟ್ಟೆಯ ಹತ್ತಿರ ಇಟ್ಟಳು. "ತಗೋ, ಮುದುಕ."

ಫ್ಲೋರಿಯಾನ್ ಅದನ್ನು ನೋಡಿದ. ಬೆರಳಿನಿಂದ ಮೆಲ್ಲಗೆ ಅವಳ ಕಡೆಗೇ ತಳ್ಳಿದ.

"ಬೇಡ. ಗುರುವಾರ ನಾನು ಅಲ್ಲಿಗೆ ಹೋಗಿದ್ದೆ."

"ಚರ್ಚಿನ ಹಾಲಿಗಾ?" ಎಂದಳು ಮರೀಸ್.

"ಇಲ್ಲ. ಬಾರಿಗೆ." ಅವನು ಯಾರ ಮುಖವನ್ನೂ ನೋಡದೆ ಹೇಳಿದ. "ಕಾಫಿ ಕುಡಿದು ಬರೋಣ ಅಂತ ಹೋದೆ. ಮೊದಲಿನ ಜಾಗದಲ್ಲೇ ಇದೆ ಆ ಯಂತ್ರ. ಹೇಗೂ ಎಲ್ರೂ ನಾನೇ ಅಂದ್ಕೊಂಡಿದಾರಲ್ಲ ಅನ್ನಿಸ್ತು. ಇಪ್ಪತ್ತು ಹಾಕ್ದೆ. ಆಮೇಲೆ ಇನ್ನೊಂದು ಇಪ್ಪತ್ತು. ನನ್ನ ಪೆನ್ಶನ್ನಿನ ದುಡ್ಡೇ. ಆದ್ರೂ ಹಾಕ್ದೆ." ಕಡುಬಿನ ಚೂರೊಂದನ್ನು ಬಾಯಿಗಿಟ್ಟು ಅಗಿದ. "ಉಪ್ಪು ಕಡಿಮೆಯಾಗಿದೆ, ಮುದುಕಿ."

ಉಪ್ಪಿನ ಬಟ್ಟಲು ಡಬ್ಬಿಗಳ ಕೆಳಗೆ ಸಿಕ್ಕಿಕೊಂಡಿತ್ತು. ಸೊಲಾಂಜ್ ಒಂದೊಂದೇ ಡಬ್ಬಿ ಎತ್ತಿ ಹುಡುಕಿದಳು. ಯಾರೂ ಸಹಾಯಕ್ಕೆ ಬರಲಿಲ್ಲ.

ಡಬ್ಬಿಗಳು ಅಂಗಡಿಗೆ ಹೋದವು. ಅವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಬೇಡ ಎಂದು ಹೇಳಿದವಳು ಮರೀಸೇ. "ಮಾರಿ. ಮುಂದಿನ ಸಾಲಲ್ಲೇ ಇಡಿ. ಕಾಯ್ತಿರೋರು ಆಡ್ಲಿ" ಎಂದಳು. ಕ್ರಿಸ್‌ಮಸ್ಸಿಗೆ ಮುಂಚೆಯೇ ಎಲ್ಲವೂ ಖಾಲಿಯಾದವು. ನಲವತ್ತಕ್ಕೆ ಕೊಂಡದ್ದನ್ನು ಬೆನ್ವಾ ಮೂವತ್ತೈದಕ್ಕೆ ಮಾರಿದ, ನಷ್ಟದ ಬಗ್ಗೆ ಅಮ್ಮನ ಮುಂದೆ ಒಂದು ಮಾತೂ ಎತ್ತಲಿಲ್ಲ. ಎತ್ತಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಹೊಸ ವರ್ಷದಲ್ಲಿ ಮರೀಸಳ ಗುಂಪಿನ ಅರ್ಧ ಜನರನ್ನು ಕಳಿಸಿದರು. ಅವಳನ್ನು ಉಳಿಸಿಕೊಂಡರು. ಹಿಮದ ಕೆಲಸಕ್ಕಲ್ಲ. ಹೊಸ ಡಬ್ಬಿಯೊಳಗೆ ಒಂದು ಗುಟ್ಟಿನ ಸಂಖ್ಯೆ ಇಡುತ್ತಾರಂತೆ, ಒಮ್ಮೆ ಬಳಸಿದರೆ ಮುಗಿಯಿತು. ಎರಡನೆಯವನು ಆಡಬೇಕೆಂದರೆ ಕಂಪನಿಗೆ ಮತ್ತೆ ದುಡ್ಡು ಕಟ್ಟಬೇಕು. ಆ ವ್ಯವಸ್ಥೆ ಮಾಡುವ ಗುಂಪಿಗೆ ಅವಳನ್ನು ಹಾಕಿದರು.

"ಅಂದ್ರೆ ನಮ್ಮ ಅಂಗಡೀಗೆ ಬೀಗ ಮಾಡೋದು ನೀನೇ ಅಂತಾಯ್ತು" ಎಂದ ಬೆನ್ವಾ, ಭಾನುವಾರದ ಊಟಕ್ಕೆ.

"ಸಂಬಳ ಕೊಡೋರು ಹೇಳಿದ್ದು ಮಾಡ್ತೀನಿ."

"ಮಾಡು. ನಾನೇನೂ ಅನ್ನಲ್ಲ."

"ಅಂದೆಯಲ್ಲ ಈಗ."

ಮೊದಲಾಗಿದ್ದರೆ ಫ್ಲೋರಿಯಾನ್ ಇಲ್ಲಿ ಏನಾದರೂ ಹೇಳಿ ನಗಿಸುತ್ತಿದ್ದ. ಅವನು ಬ್ರೆಡ್ಡು ಮುರಿದು ಸೂಪಿಗೆ ಹಾಕಿಕೊಂಡ. ಮರೀಸ್ ಅಮ್ಮನ ಹತ್ತಿರ ಉಪ್ಪು ಕೇಳುತ್ತಾಳೆ, ನೀರು ಕೇಳುತ್ತಾಳೆ. ಅಂಗಡಿಯ ವಿಷಯ ಮಾತ್ರ ಕೇಳುವುದಿಲ್ಲ. ಸೊಲಾಂಜ್ ಏನು ಹೇಳಿದರೂ ಇದು ನಿಜವೋ ಎಂಬಂತೆ ಒಂದು ಕ್ಷಣ ನಿಂತು, ಆಮೇಲೆ ಹೂಂ ಅನ್ನುತ್ತಾಳೆ.

ಗುರುವಾರ ಸಂಜೆ ಫ್ಲೋರಿಯಾನ್ ಚರ್ಚಿನ ಹಿಂದಿನ ಹಾಲಿಗೆ ಹೋಗುತ್ತಾನೆ. ಬೆನ್ವಾ ಹೊರಗೆ ಕಾರಿನಲ್ಲಿ ಕೂತಿರುತ್ತಾನೆ. ಬೆಳಿಗ್ಗೆ ಅಂಗಡಿ ತೆರೆಯುವ ಕೆಲಸ ಈಗ ಗಂಡ ಹೆಂಡತಿ ಇಬ್ಬರದೂ ಆಗಿದೆ. ಒಬ್ಬರ ತೋಳು ಒಬ್ಬರು ಹಿಡಿದು, ಜಾರುವ ಕಾಲುದಾರಿಯಲ್ಲಿ ನಿಧಾನವಾಗಿ ನಡೆಯುತ್ತಾರೆ. ಹೊರಡುವ ಮುಂಚೆ ದಿನವೂ ಸೊಲಾಂಜ್ ಬೀಗದ ಕೈಯನ್ನು ಅವನ ಮುಂದೆ ಹಿಡಿಯುತ್ತಾಳೆ. ದಿನವೂ ಅವನು ಟೊಪ್ಪಿಗೆಯನ್ನು ಕಿವಿಯ ಮೇಲೆ ಎಳೆದುಕೊಳ್ಳುತ್ತಾ, "ಇವತ್ತು ಬೇಡ, ಮುದುಕಿ" ಅನ್ನುತ್ತಾನೆ.

ಅಂಗಡಿಯ ಮುಂದಿನ ಹಿಮವನ್ನು ಅವನು ಸಲಿಕೆಯಿಂದ ಬದಿಗೆ ತಳ್ಳುತ್ತಾನೆ. ಅವಳು ಕೈಗವಸು ಬಿಚ್ಚಿ ಬಾಗಿಲಿಗೆ ಬಗ್ಗುತ್ತಾಳೆ. ಜನವರಿಯ ಚಳಿಗೆ ಬೀಗ ಹೆಪ್ಪುಗಟ್ಟಿರುತ್ತದೆ, ಅವಳ ಬೆರಳುಗಳು ತಿರುಗಿಸಲಾರವು. ಆಗ ಫ್ಲೋರಿಯಾನ್ ಸಲಿಕೆಯನ್ನು ಗೋಡೆಗೆ ಒರಗಿಸಿ, ಎರಡೂ ಕೈಯನ್ನು ಕೋಟಿನ ಜೇಬಿನೊಳಗೆ ಇಳಿಸಿಕೊಂಡು, ಬೀಗದ ಹತ್ತಿರ ಮುಖ ತಂದು ಹಾ ಎಂದು ಬಿಸಿಯುಸಿರು ಬಿಡುತ್ತಾನೆ. ಒಮ್ಮೆ, ಇನ್ನೊಮ್ಮೆ. ಬೀಗ ಸಡಿಲವಾಗುವವರೆಗೆ ಬಿಡುತ್ತಾನೆ. ಕೈಯನ್ನು ಮಾತ್ರ ಜೇಬಿನಿಂದ ಹೊರಗೆ ತೆಗೆಯುವುದಿಲ್ಲ.